ಮನೆಯಲ್ಲೇ ಬಾಸ್ ಗಿಟಾರ್: ಹೊಸತೆಷ್ಟು, ಹಳತೆಷ್ಟು?

ಭಜನೆ ರಂಗೇರಿದಾಗ ಎಲ್ಲರ ಕಣ್ಣೂ ಹಾರ್ಮೋನಿಯಂ ಬಾರಿಸುವವರ ಬೆರಳುಗಳ ಮೇಲೆ. ಅವರನ್ನು ಬಿಟ್ಟರೆ ತಬಲಾದವರ ಮೇಲೆ. ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಏಕತಾರಿಯ ಒಂದೇ ತಂತಿಯನ್ನು ಒಂದೇ ಸಮನೆ ಮೀಟುತ್ತ ಕುಳಿತ ಹಿರಿಯರತ್ತ ಯಾರೂ ನೋಡುವುದಿಲ್ಲ. ಆದರೆ ಅವರು ಎಲೆ-ಅಡಿಕೆಗೆಂದು ಅರೆಗಳಿಗೆ ಕೈ ನಿಲ್ಲಿಸಿದರೆ ಸಾಕು, ಹಾಡಿನ ಕೆಳಗಿನ ನೆಲವೇ ಸರಿದಂತಾಗುತ್ತದೆ. ಸಿನಿಮಾ ಹಾಡಿನಲ್ಲಿ, ಆರ್ಕೆಸ್ಟ್ರಾದಲ್ಲಿ ಈ ನೆಲವನ್ನು ಹಾಸಿಕೊಡುವ ವಾದ್ಯ ಬಾಸ್ ಗಿಟಾರ್. ಅದನ್ನು ನುಡಿಸುವವನೂ ಸಾಮಾನ್ಯವಾಗಿ ವೇದಿಕೆಯ ಹಿಂಬದಿಯಲ್ಲಿ, ಡ್ರಮ್ಮಿನ ಪಕ್ಕದಲ್ಲೆಲ್ಲೋ ನಿಂತಿರುತ್ತಾನೆ.

ಇಂಡಿ ತಾಲ್ಲೂಕಿನ ಹುಡುಗನೊಬ್ಬನಿಗೆ ಈ ವಾದ್ಯವನ್ನು ತಾನೇ ಮಾಡಬೇಕೆಂಬ ಹುಚ್ಚು ಹಿಡಿಯಿತು ಎಂದು ಇಟ್ಟುಕೊಳ್ಳೋಣ. ಹುಡುಗ ಪಿಯುಸಿ ಮೊದಲ ವರ್ಷದ ವಿಜ್ಞಾನದ ವಿದ್ಯಾರ್ಥಿ. ಅಪ್ಪನಿಗೆ ಎರಡೆಕರೆ ನಿಂಬೆ ತೋಟ. ಮೊಬೈಲಿನಲ್ಲಿ ಯಾರೋ ವಿದೇಶದವನು ಮನೆಯ ಹಿಂದಿನ ಕೋಣೆಯಲ್ಲಿ ಬಾಸ್ ಗಿಟಾರ್ ಕಟ್ಟಿದ್ದನ್ನು ಹುಡುಗ ನೋಡಿದ್ದಾನೆ. ಕಟ್ಟಿದ ಮರುದಿನವೇ ಆತ ಅದರ ಬಣ್ಣ ಕೆರೆದು, ಬೀಗದ ಕೈಗೊಂಚಲಿನಿಂದ ಹೊಡೆದು, ತಿರುಪುಗಳಿಗೆ ತುಕ್ಕು ಹಿಡಿಸಿ, ಅರವತ್ತು ವರ್ಷ ಹಳೆಯದೆಂಬಂತೆ ಮಾಡಿ ತೋರಿಸಿದ್ದಾನೆ. ಇವನಿಗೂ ಅಂಥದೇ ಬೇಕು. ಅಪ್ಪನ ಪ್ರಶ್ನೆ ದುಡ್ಡಿನದು ಮತ್ತು ಪರೀಕ್ಷೆಯದು. ಅವ್ವನ ಪ್ರಶ್ನೆ ಬೇರೆ: "ಹೊಸಾದ್ ಮಾಡಿ ಮತ್ತ ಹಳೇದ್ ಯಾಕ ಮಾಡ್ತೀಯೋ ಯಪ್ಪಾ?"

ಎರಡರಲ್ಲಿ ಅವ್ವನ ಪ್ರಶ್ನೆಯೇ ಕಠಿಣವಾದದ್ದು. ಅದಕ್ಕೆ ಉತ್ತರ ಹುಡುಕುವ ಮೊದಲು ವಾದ್ಯ ಕೆಲಸ ಮಾಡುವ ಬಗೆ ತಿಳಿಯಬೇಕು.

ಮೊದಲ ಸಂಗತಿಯೆಂದರೆ, ಆ ಹುಡುಗ ಮೊಬೈಲಿನಲ್ಲಿ ಬಾಸ್ ಗಿಟಾರನ್ನು ಪೂರ್ತಿ ಕೇಳಿಯೇ ಇಲ್ಲ! ಅದರ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಧ್ವನಿಯ ತರಂಗದೂರ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಉಗುರಿನಷ್ಟಿರುವ ಮೊಬೈಲಿನ ಸ್ಪೀಕರಿಗೆ ಅಷ್ಟು ಗಾಳಿಯನ್ನು ಅಲುಗಿಸುವ ತಾಕತ್ತಿಲ್ಲ. ಹಾಗಿದ್ದರೂ ಸ್ವರ ಕೇಳಿಸಿದಂತಾಗುವುದೇಕೆ? ತಂತಿ 41ರಲ್ಲಿ ಮಾತ್ರ ಕಂಪಿಸುವುದಿಲ್ಲ; ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿಯಾಗಿ 82, 123, 165 ಹೀಗೆ ಒಟ್ಟೊಟ್ಟಿಗೇ ಕಂಪಿಸುತ್ತದೆ. ಸ್ಪೀಕರು ಮೇಲಿನವನ್ನು ಅಷ್ಟಿಷ್ಟು ಕೊಡುತ್ತದೆ. ಮಿದುಳು ಅವುಗಳ ನಡುವಿನ ಅಂತರ ನೋಡಿ, ಇಲ್ಲದ 41ನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಜಾತ್ರೆಯಲ್ಲಿ ದೊಡ್ಡ ಧ್ವನಿವರ್ಧಕದ ಮುಂದೆ ನಿಂತಾಗ ಎದೆಯೊಳಗೆ ಯಾರೋ ಮೆಲ್ಲಗೆ ಗುದ್ದಿದಂತಾಗುತ್ತದಲ್ಲ, ಅದು ನಿಜವಾದ ಮಂದ್ರ.

ಮಂದ್ರದ ತಂತಿವಾದ್ಯ ಈ ಸೀಮೆಗೆ ಹೊಸದಲ್ಲ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿ ಭಕ್ತ ತನ್ನ ದೇಹವನ್ನೇ ವಾದ್ಯವಾಗಿಸೆಂದು ದೇವರನ್ನು ಬೇಡುತ್ತಾನೆ. ಅಲ್ಲಿ ಮೈಯೇ ದಂಡಿಗೆ, ತಲೆಯೇ ಸೋರೆ, ನರವೇ ತಂತಿ, ಬೆರಳೇ ಕಡ್ಡಿ. ಭಕ್ತಿಯ ಮಾತು ಒಂದು ಕಡೆಗಿರಲಿ. ವಿಜ್ಞಾನದ ವಿದ್ಯಾರ್ಥಿಗೆ ಇದು ಹನ್ನೆರಡನೆಯ ಶತಮಾನದ ವಾದ್ಯವೊಂದರ ಬಿಡಿಭಾಗಗಳ ಪಟ್ಟಿಯೂ ಹೌದು. ಬಾಸ್ ಗಿಟಾರಿನಲ್ಲೂ ಇರುವುದು ಇವೇ. ಸೋರೆಯ ಜಾಗದಲ್ಲಿ ಮಾತ್ರ ಗಟ್ಟಿ ಹಲಗೆ ಮತ್ತು ವಿದ್ಯುತ್ ಸುರುಳಿ ಬಂದಿವೆ. ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹಿ ತನ್ನ ತಂಬೂರಿಗೆ 'ಮೋತಿಖಾನ್' ಎಂದು ಹೆಸರಿಟ್ಟಿದ್ದ. ಆತ ತಂತಿವಾದ್ಯ ನುಡಿಸುತ್ತಿರುವ, ಫರ್ರುಖ್ ಬೇಗ್ ಬರೆದ ಚಿತ್ರ ಇಂದು ದೂರದ ಪ್ರಾಗ್ ನಗರದಲ್ಲಿದೆ. ಮಗ ತನ್ನ ಗಿಟಾರಿಗೆ ಒಂದು ಹೆಸರಿಟ್ಟು ಮುದ್ದು ಮಾಡಿದರೆ ತಂದೆ-ತಾಯಿ ನಗಬೇಕಾಗಿಲ್ಲ. ಸುಲ್ತಾನನೇ ಹಾಗೆ ಮಾಡಿದ್ದಾನೆ.

ಇನ್ನು ಮೀರಜ್. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಈ ಊರಿನ ಸಿತಾರ್-ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅವುಗಳಿಗೆ ಬೇಕಾದ ದೊಡ್ಡ ಸೋರೆಬುರುಡೆಗಳು ಬಹಳಷ್ಟು ಬರುವುದು ಭೀಮಾ ತೀರದ ಪಂಢರಪುರದ ಸುತ್ತಿನ ಹೊಲಗಳಿಂದ. ಅದೇ ಭೀಮೆ ಮುಂದೆ ಇಂಡಿ, ಸಿಂದಗಿಗಳ ಅಂಚನ್ನು ಸವರಿಕೊಂಡು ಹರಿಯುತ್ತದೆ. ಗಂಡಸರ ಹಾಡಿಕೆಗೆ ಕಾಳಿ ಒಂದರಲ್ಲಿ ಶ್ರುತಿ ಮಾಡಿದ ತಂಬೂರಿಯ ಖರಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಬಾಸ್ ಗಿಟಾರು ಇದಕ್ಕಿಂತಲೂ ಕೆಳಗಿಳಿಯಬೇಕು. ಹೇಗೆ?

ತಂತಿಯ ಸ್ವರವನ್ನು ನಿರ್ಧರಿಸುವುದು ಮೂರೇ: ಉದ್ದ, ಸೆಳೆತ, ತೂಕ. ತಂತಿ ಉದ್ದವಾದಷ್ಟೂ, ಸಡಿಲವಾದಷ್ಟೂ, ಭಾರವಾದಷ್ಟೂ ಸ್ವರ ಇಳಿಯುತ್ತದೆ. ಸೆಳೆತದ ಮಹಿಮೆ ನೋಡಬೇಕಾದರೆ ಎಲ್ಲಮ್ಮನ ಜೋಗತಿಯರ ಕೈಯ ಚೌಡಿಕೆಯನ್ನು ನೋಡಬೇಕು. ಅದಕ್ಕೆ ಮೆಟ್ಟೂ ಇಲ್ಲ, ಬಿರಡೆಯ ಆಟವೂ ಇಲ್ಲ. ತಂತಿಯನ್ನು ಕೈಯಿಂದ ಜಗ್ಗಿ, ಸಡಿಲಿಸಿಯೇ ಹಾಡಿನ ಏರಿಳಿತವನ್ನು ಹೊರಡಿಸುತ್ತಾರೆ. ಆದರೆ ಎಷ್ಟು ಜಗ್ಗಿದರೆ ಎಷ್ಟು ಏರುತ್ತದೆ? ಎರಡು ಪಟ್ಟು ಭಾರ ಕಟ್ಟಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆಂದು ಪಂಡಿತರು ಶತಮಾನಗಳ ಕಾಲ ನಂಬಿದ್ದರು. ಕಟ್ಟಿ ನೋಡಿದವರಿಲ್ಲ. ಕಟ್ಟಿ ನೋಡಿದವನು ಇಟಲಿಯ ವಿಂಚೆಂಜೊ ಗೆಲಿಲಿ ಎಂಬ ಸಂಗೀತಗಾರ. ಎರಡಲ್ಲ, ನಾಲ್ಕು ಪಟ್ಟು ಬೇಕೆಂದು ಹದಿನಾರನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟ. ದೂರದರ್ಶಕದ ಗೆಲಿಲಿಯೊ ಇವನ ಮಗ. ಮುಂದೆ 1636ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಮೂರೂ ನಿಯಮಗಳನ್ನು ಒಟ್ಟಿಗೆ ಬರೆದಿಟ್ಟ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿಯೊಂದನ್ನು ಮೇಜಿನ ಒಂದು ತುದಿಗೆ ಭದ್ರವಾಗಿ ಕಟ್ಟಿ, ಅಡಿಯಲ್ಲಿ ಎರಡು ಪೆನ್ಸಿಲ್ ಕೊಟ್ಟು, ಇನ್ನೊಂದು ತುದಿಗೆ ಚಿಕ್ಕ ಬಕೆಟ್ ತೂಗುಬಿಡಬೇಕು. ಬಕೆಟ್ಟೂ ನೀರೂ ಸೇರಿ ಒಂದೂವರೆ ಕಿಲೋ ಇದ್ದಾಗ ಒಮ್ಮೆ ಮೀಟಿ, ಆರು ಕಿಲೋಗೆ ಏರಿಸಿ ಮತ್ತೊಮ್ಮೆ ಮೀಟಿದರೆ ಕೆಳಗಿನ ಸಾ, ಮೇಲಿನ ಸಾ ಎರಡೂ ಸಿಗುತ್ತವೆ. ತಂತಿ ಹರಿದರೆ ಕಣ್ಣಿಗೆ ಬಡಿಯುತ್ತದೆ; ಮುಖವನ್ನು ದೂರವಿಟ್ಟೇ ಮಾಡಬೇಕು.

ಈಗ ಬಾಸ್ ಗಿಟಾರಿನ ಲೆಕ್ಕ. ಸಾಧಾರಣ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್ ಕೊಡುತ್ತದೆ, ಉದ್ದ 25.5 ಇಂಚು. ಅದರ ಅರ್ಧದಷ್ಟು, 41 ಬೇಕು. ಬರೀ ಉದ್ದದಿಂದಲೇ ಸಾಧಿಸಹೊರಟರೆ ತಂತಿ 51 ಇಂಚಾಗಬೇಕು. ಯಾರ ಕೈಗೂ ಎಟುಕದು. ಬರೀ ಸಡಿಲಿಸಿದರೆ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಿ ಹೊಡೆದು ಪಟಪಟ ಎನ್ನುತ್ತದೆ. ಆದ್ದರಿಂದ ಉದ್ದವನ್ನು 34 ಇಂಚಿಗೆ, ಅಂದರೆ 864 ಮಿಲಿಮೀಟರಿಗೆ ನಿಲ್ಲಿಸಿ, ಉಳಿದದ್ದನ್ನು ತೂಕದಿಂದ ಸಾಧಿಸುತ್ತಾರೆ. ಗಿಟಾರಿನ ದಪ್ಪ ತಂತಿ 1.17 ಮಿಲಿಮೀಟರಾದರೆ ಬಾಸಿನದು ಸುಮಾರು 2.67. ಅಡ್ಡಕೊಯ್ತದ ವಿಸ್ತೀರ್ಣ ನೋಡಿದರೆ ಐದು ಪಟ್ಟು. ಇಷ್ಟು ದಪ್ಪನೆಯ ಒಂದೇ ಸರಳು ಹಾಕಿದರೆ ಅದು ಮಣಿಯುವುದೇ ಇಲ್ಲ. ಅದಕ್ಕೇ ನಡುವೆ ತೆಳುವಾದ ಉಕ್ಕಿನ ಎಳೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಇನ್ನೊಂದು ತಂತಿ. ಭಾರ ಬಂತು, ಬಿರುಸು ಬರಲಿಲ್ಲ.

ಈ ಅಳತೆಯನ್ನು ರೂಢಿಗೆ ತಂದವನು ಕ್ಯಾಲಿಫೋರ್ನಿಯದ ಲಿಯೊ ಫೆಂಡರ್. ಮೊದಲು ರೇಡಿಯೊ ದುರಸ್ತಿ ಅಂಗಡಿ ಇಟ್ಟುಕೊಂಡಿದ್ದವನು. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಹೊಸಬರಿಗೆಲ್ಲ ಧೈರ್ಯ ಕೊಡುವ ಸಂಗತಿ. 1951ರಲ್ಲಿ ಬಂದ ಆತನ ವಾದ್ಯದ ಹೆಸರು 'ಪ್ರಿಸಿಷನ್ ಬಾಸ್'. ಆಳೆತ್ತರದ ಡಬಲ್ ಬಾಸಿಗೆ ಮೆಟ್ಟುಗಳಿಲ್ಲ, ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಇದರಲ್ಲಿ ಮೆಟ್ಟುಗಳಿರುವುದರಿಂದ ಸ್ವರ ನಿಖರ ಎಂದು ಆ ಹೆಸರು. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಇಂಥದೊಂದನ್ನು ಮಾಡಿದ್ದ, ಆದರೆ ಅದು ನಡೆಯಲಿಲ್ಲ.

ನಾಲ್ಕು ತಂತಿಗಳೂ ಶ್ರುತಿಗೆ ಬಂದಾಗ ಒಟ್ಟು ಸೆಳೆತ 70ರಿಂದ 80 ಕಿಲೋ. ಮುಕ್ಕಾಲು ಕ್ವಿಂಟಲ್ ಜೋಳವನ್ನು ಎರಡು ಬೆರಳು ದಪ್ಪದ ಕಟ್ಟಿಗೆಗೆ ಹಗಲೂ ರಾತ್ರಿ ಜೋತುಬಿಟ್ಟಂತೆ. ಹೊಸಬರು ಸೋಲುವುದು ಇಲ್ಲೇ. ಬಣ್ಣ, ಆಕಾರಗಳ ಬಗೆಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ; ಈ ಭಾರದ ಬಗೆಗೆ ಯೋಚಿಸುವುದಿಲ್ಲ.

ಹುಡುಗ ಮೊದಲು ಒಂದು ಏಕತಾರಿ ಮಾಡಲಿ. ಒಣಗಿದ ಸೋರೆಬುರುಡೆ, ಒಂದು ಬಿದಿರು, ಒಂದು ತಂತಿ, ಒಂದು ಬಿರಡೆ. ನಾಲ್ಕು ಭಾನುವಾರದ ಕೆಲಸ. ಬಿರಡೆ ಜಾರುವುದು, ತಂತಿ ಕೊರೆಯುವುದು, ಬಿದಿರು ಬಾಗುವುದು, ಎಲ್ಲ ಪಾಠವೂ ಅಗ್ಗದಲ್ಲಿ ಆಗಿಹೋಗುತ್ತದೆ. ಅದು ನಿಂತು ನುಡಿದರೆ ಅಪ್ಪನೂ ಅರ್ಧ ಒಪ್ಪಿಯಾನು.

ಆಮೇಲೆ ಬಾಸ್. ಅದರಲ್ಲೂ ಮೊದಲ ಸಲ ದಂಡಿಗೆಯನ್ನು ಸಿದ್ಧವಾದದ್ದನ್ನೇ ಕೊಳ್ಳುವುದು ಜಾಣತನ. ಅದರೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಹುದುಗಿರುತ್ತದೆ. ಗಿಬ್ಸನ್ ಕಂಪನಿ 1920ರ ದಶಕದಲ್ಲಿ ರೂಢಿಗೆ ತಂದ ಉಪಾಯ. ತಂತಿ ಜಗ್ಗಿ ದಂಡಿಗೆ ಬಿಲ್ಲಿನಂತಾದಾಗ ಸರಳನ್ನು ತಿರುವಿ ನೇರ ಮಾಡಬಹುದು. ಇದನ್ನು ಮನೆಯಲ್ಲಿ ಕೂರಿಸುವುದು ಎರಡನೆಯ ಗಿಟಾರಿನ ಕೆಲಸ, ಮೊದಲನೆಯದರದಲ್ಲ. ಒಡಲನ್ನು ಮಾತ್ರ ಕೈಯಾರೆ ಮಾಡಲಿ.

ಒಡಲಿಗೆ ಒಂದೂಮುಕ್ಕಾಲು ಇಂಚು ದಪ್ಪದ ಹಲಗೆ ಬೇಕು. ತೋಟದ ಬದುವಿನಲ್ಲಿ ಹೋದ ತಿಂಗಳು ಕಡಿದ ಬೇವಿನ ದಿಮ್ಮಿ ಹೊತ್ತುಕೊಂಡು ಹುಡುಗ ಸಿಂದಗಿಯ ಬಡಿಗೇರ ಅಜ್ಜನ ಬಳಿ ಹೋದನೆನ್ನಿ.

"ಅಜ್ಜಾ, ಇದರಾಗ ಗಿಟಾರ್ ಆಗ್ತದೇನ್ರಿ?"

"ಹಸೀ ಕಟ್ಟಿಗಿ ತಂದೀಯಲ್ಲೋ ತಮ್ಮಾ! ಎರಡ ಬ್ಯಾಸಗಿ ನೆರಳಾಗ ಒಣಗಲಿ, ಆಮ್ಯಾಲ ಬಾ."

ಅಜ್ಜನ ಮಾತಿಗೆ ವಿಜ್ಞಾನದ ಬೆಂಬಲವಿದೆ. ಹಸಿ ಮರದ ಕೋಶಗಳಲ್ಲಿ ನೀರು ತುಂಬಿರುತ್ತದೆ. ಆರುತ್ತ ಹೋದಂತೆ ಮರ ಕುಗ್ಗುತ್ತದೆ, ಅದೂ ಎಲ್ಲ ಕಡೆಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಹೀಗೆ ಒಂದೊಂದು ದಿಕ್ಕಿಗೆ ಒಂದೊಂದು ಬಗೆಯಾದಾಗ ಹಲಗೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಿಗರ ಹಳೆಯ ಲೆಕ್ಕ. ವಿಜಯಪುರದ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದಾದರೂ ನೇರ ಬಿಸಿಲಿನಲ್ಲಿ ಒಣಗಿಸುವಂತಿಲ್ಲ. ಹೊರಗಡೆ ಬೇಗ ಆರಿ ಒಳಗಡೆ ಹಸಿ ಉಳಿದರೆ ಸೀಳು ಖಚಿತ.

ಎರಡು ಬೇಸಿಗೆ ಕಾಯಲಾರದವರಿಗೆ ಒಂದು ದಾರಿಯಿದೆ. ಹಳೆಯ ಮನೆ ಬಿಚ್ಚಿದಾಗ ಬರುವ ಸಾಗವಾನಿ ತೊಲೆ, ಬಾಗಿಲು, ಕಂಬ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಈ ಸೀಮೆಯಲ್ಲಿ ಹಳೆಯ ಮನೆಯ ಕಟ್ಟಿಗೆಯ ಬೆಲೆ ಜನರಿಗೆ ಗೊತ್ತು. ಅಂಥ ತೊಲೆ ಎಪ್ಪತ್ತು-ಎಂಬತ್ತು ವರ್ಷ ಮಾಳಿಗೆಯ ಕೆಳಗೆ ಒಣಗಿರುತ್ತದೆ. ಬಾಗುವುದಾದರೆ ಎಂದೋ ಬಾಗಿ ಮುಗಿದಿರುತ್ತದೆ. ಒಂದೆರಡು ಮೊಳೆಯ ತೂತು, ಒಲೆಯ ಹೊಗೆಗೆ ಕಪ್ಪಾದ ಒಂದು ಮಗ್ಗುಲು ಇದ್ದರೆ ಇರಲಿ. ವಿದೇಶದ ವಿಡಿಯೊದವನು ಕಷ್ಟಪಟ್ಟು ಹುಟ್ಟಿಸಿದ್ದು ಇಲ್ಲಿ ತಾನಾಗಿಯೇ ಇದೆ. ಮೊಳೆ ಒಳಗೇ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ ಗರಗಸ ಹಾಕಬೇಕು, ಇಲ್ಲದಿದ್ದರೆ ಅಜ್ಜ ಬೈದಾನು. ಸಾಗವಾನಿಯ ಪುಡಿ ಮೂಗಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಉಜ್ಜುವಾಗ ಮೂಗು-ಬಾಯಿಗೆ ಮಾಸ್ಕ್ ಬೇಕೇ ಬೇಕು. ಯಾವ ಜಾತಿಯ ಮರದಿಂದ ಯಾವ ದನಿ ಎಂದು ಗಿಟಾರಿನವರು ಮುಗಿಯದ ಜಗಳವಾಡುತ್ತಾರೆ. ವಿದ್ಯುತ್ ಬಾಸಿನಲ್ಲಿ ಮರದ ಜಾತಿಗಿಂತ ಅದು ಒಣಗಿರುವುದು ದೊಡ್ಡದು.

ಮೆಟ್ಟುಗಳ ಲೆಕ್ಕ ಗಣಿತ ಪ್ರಿಯರಿಗೆ ಹಬ್ಬ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳು. ಪ್ರತಿಯೊಂದೂ ಹಿಂದಿನದಕ್ಕಿಂತ ಒಂದೇ ಪ್ರಮಾಣದಲ್ಲಿ ಏರಬೇಕು, ಹನ್ನೆರಡನೆಯದು ಸರಿಯಾಗಿ ಇಮ್ಮಡಿಯಾಗಬೇಕು. ಆ ಪ್ರಮಾಣ 1.05946. ಇದರಿಂದ ಒಂದು ಸುಲಭ ಸೂತ್ರ ಬರುತ್ತದೆ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿನ ದೂರ. 864ರಲ್ಲಿ ಮೊದಲ ಮೆಟ್ಟು 48.5 ಮಿಲಿಮೀಟರಿಗೆ, ಐದನೆಯದು 216.7ಕ್ಕೆ, ಏಳನೆಯದು 287.3ಕ್ಕೆ, ಹನ್ನೆರಡನೆಯದು ಸರಿಯಾಗಿ 432ಕ್ಕೆ. ಮೇಲೆ ಹೇಳಿದ ವಿಂಚೆಂಜೊ ಗೆಲಿಲಿ 1581ರಲ್ಲೇ 17.817ರ ಬದಲು 18 ಎಂಬ ಸುಲಭ ಸಂಖ್ಯೆ ಹೇಳಿದ್ದ. ಅದರಂತೆ ಹೋದರೆ ಹನ್ನೆರಡನೆಯ ಮೆಟ್ಟು 428.9ಕ್ಕೆ ಬೀಳುತ್ತದೆ, ಮೂರು ಮಿಲಿಮೀಟರ್ ಕಡಿಮೆ. ಮೂರು ಮಿಲಿಮೀಟರ್ ತಾನೇ ಎನ್ನುವವರು ಒಮ್ಮೆ ಕೇಳಿ ನೋಡಬೇಕು.

ಗುರುತು ಹಾಕುವಾಗ ಪ್ರತಿ ಮೆಟ್ಟನ್ನೂ ತಂತಿಯ ಮೇಲ್ತುದಿಯಿಂದಲೇ ಅಳೆಯಬೇಕು. ಒಂದು ಮೆಟ್ಟಿನಿಂದ ಮುಂದಿನದನ್ನು ಅಳೆಯುತ್ತ ಹೋದರೆ ಸಲಕ್ಕೆ ಅರ್ಧ ಮಿಲಿಮೀಟರಿನ ತಪ್ಪು ಒಂದೇ ಕಡೆಗೆ ಕೂಡುತ್ತ ಇಪ್ಪತ್ತನೆಯ ಮೆಟ್ಟಿಗೆ ಒಂದು ಸೆಂಟಿಮೀಟರ್ ಆದೀತು. ಪ್ರಯೋಗಾಲಯದಲ್ಲಿ 'ದೋಷಗಳ ಸಂಚಯ' ಎಂದು ಉರು ಹೊಡೆದದ್ದು ಇಲ್ಲಿ ಕಿವಿಗೆ ಕೇಳಿಸುತ್ತದೆ.

ದಂಡಿಗೆ ಕೊಂಡು ತಂದವನಿಗೆ ಈ ಕೆಲಸ ತಪ್ಪಿತು. ಆದರೆ ಕುದುರೆಯ ಜಾಗ ಅವನೇ ಗೊತ್ತು ಮಾಡಬೇಕು. ಮೇಲ್ತುದಿಯಿಂದ ಹನ್ನೆರಡನೆಯ ಮೆಟ್ಟಿಗೆ ಎಷ್ಟಿದೆಯೋ ಅದರ ಇಮ್ಮಡಿ ದೂರಕ್ಕೆ ಕುದುರೆ. ದಪ್ಪ ತಂತಿಗೆ ಇನ್ನೂ ಕೆಲವು ಮಿಲಿಮೀಟರ್ ಹಿಂದೆ. ಒತ್ತಿದಾಗ ತಂತಿ ತುಸು ಹಿಗ್ಗಿ ಸ್ವರ ಏರುತ್ತದೆ, ಅದನ್ನು ಸರಿದೂಗಿಸಲು. ಹೊಸಬರು ಕುದುರೆಯನ್ನು ಚೆಂದ ಕಾಣುವಲ್ಲಿ ಮೊದಲೇ ತಿರುಪು ಹಾಕಿ ಕೂರಿಸಿ, ಆಮೇಲೆ ದಂಡಿಗೆ ಜೋಡಿಸುತ್ತಾರೆ. ಹಾಗಲ್ಲ, ದಂಡಿಗೆ ಮೊದಲು. ಬಳಿಕ ಎರಡು ಅಂಚಿನ ಬಿರಡೆಗಳಿಂದ ಕುದುರೆಯವರೆಗೆ ದಾರ ಎಳೆದು, ಎರಡೂ ದಾರ ದಂಡಿಗೆಯ ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂದು ಕಣ್ಣಳತೆ ನೋಡಿ, ಆಮೇಲೆ ಡ್ರಿಲ್. ಗೌಂಡಿ ಗೋಡೆಗೆ ದಾರ ಹಿಡಿಯುವ ಹಾಗೆಯೇ.

ಇನ್ನು ವಿದ್ಯುತ್ತು. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ. ಏಕತಾರಿಗೆ ಹಾಕುವ ಹಿತ್ತಾಳೆಯ ತಂತಿ ಇಲ್ಲಿ ನಡೆಯದು, ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹವೇ ಬೇಕು. ಬೋರ್‌ವೆಲ್ಲಿನ ಸೀಮೆಯಾದ್ದರಿಂದ ಮುದ್ದೇಬಿಹಾಳದಂಥ ಊರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿಗೆ ಬರವಿಲ್ಲ. ಸುಟ್ಟ ಪಂಪಿನ ಸುರುಳಿ ಬಿಚ್ಚಿ, ಸುತ್ತು ಎಣಿಸಿ, ಮತ್ತೆ ಸುತ್ತುವ ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತರೆ ಪುಸ್ತಕದ ಒಂದು ಅಧ್ಯಾಯ ತಲೆಗೆ ಹೋಗುತ್ತದೆ. ಅವರ ತಂತಿ ಮಾತ್ರ ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಇದನ್ನು ಕೈಯಿಂದ ಸುತ್ತಹೋದರೆ ಮೂರು ಸಾವಿರ ಸುತ್ತಿಗೆ ಫಟ್ಟೆಂದು ಹರಿದು ಕಣ್ಣಲ್ಲಿ ನೀರು ಬರುತ್ತದೆ. ಸುರುಳಿಯನ್ನೂ ಕೊಂಡರೆ ನಾಚಿಕೆಯಿಲ್ಲ.

ಒಂದು ಸ್ವಾರಸ್ಯ. ದಪ್ಪ ತಂತಿಯ ಮೂರನೆಯ ಮೆಟ್ಟಿನ ಸ್ವರ 49 ಹರ್ಟ್ಸ್. ನಮ್ಮ ಮನೆಯ ವಿದ್ಯುತ್ತಿನ ಆವರ್ತನ 50. ಅಂದರೆ ಬಲ್ಬು, ಫ್ಯಾನುಗಳ ಗುಂಯ್ ಎಂಬ ಶಬ್ದ ಬಾಸಿನ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಫೆಂಡರ್ 1957ರಲ್ಲಿ ಸುರುಳಿಯನ್ನು ಎರಡು ತುಂಡು ಮಾಡಿ, ಒಂದನ್ನು ಇನ್ನೊಂದಕ್ಕೆ ವಿರುದ್ಧವಾಗಿ ಸುತ್ತಿ, ಅಯಸ್ಕಾಂತವನ್ನೂ ತಿರುವಿ, ಗುಂಯ್‌ಗೆ ಗುಂಯ್ ಹೊಡೆದುಹೋಗುವಂತೆ ಮಾಡಿದ. ತಂತಿಯ ಸ್ವರ ಮಾತ್ರ ಉಳಿಯಿತು. ಸ್ವಾರಸ್ಯವಲ್ಲದ, ಜೀವದ ವಿಷಯವೂ ಒಂದಿದೆ. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೂರನೆಯದು ಅರ್ಥಿಂಗ್. ಎಷ್ಟೋ ಮನೆಗಳಲ್ಲಿ ಗೋಡೆಯ ತೂತಿದ್ದರೂ ಅದರ ಹಿಂದೆ ತಂತಿಯೇ ಇರುವುದಿಲ್ಲ. ನುಡಿಸುವವನ ಬೆರಳು ಲೋಹದ ತಂತಿಯ ಮೇಲೇ ಇರುತ್ತದೆ. ಅರ್ಥಿಂಗ್ ಇದೆಯೆಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸದೆ ಪ್ಲಗ್ ಹಾಕಕೂಡದು. ಇದರಲ್ಲಿ ತಂದೆ-ತಾಯಿ ಎಷ್ಟು ಹಟ ಹಿಡಿದರೂ ತಪ್ಪಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರಬಹುದು. ಹೊಸದನ್ನು ಹಳತು ಮಾಡುವುದೇಕೆ? 1950-60ರ ದಶಕದ ಗಿಟಾರುಗಳ ಬೆಲೆ ಗಗನಕ್ಕೇರಿದಾಗ ಅವನ್ನು ಕೊಳ್ಳಲಾರದವರಿಗೆ ಅವುಗಳ ರೂಪವಾದರೂ ಸಿಗಲೆಂದು ಫೆಂಡರ್ ಕಂಪನಿಯೇ 1995ರಲ್ಲಿ 'ರೆಲಿಕ್' ಎಂಬ ಹೆಸರಿನಲ್ಲಿ ಸವೆದಂತೆ ಕಾಣುವ ಹೊಸ ವಾದ್ಯಗಳನ್ನು ಮಾರತೊಡಗಿತು. ಹೊಸ ಜೀನ್ಸ್ ಪ್ಯಾಂಟಿನ ಮೊಣಕಾಲು ಹರಿದು ಮಾರುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅಲಂಕಾರವೆಂದು ತಿಳಿದು ಮಾಡಿದರೆ ತಪ್ಪೇನಿಲ್ಲ. ಹಳೆಯದೆಂದು ಹೇಳಿ ಮಾರಿದರೆ ಅದು ಮೋಸ.

ಹಳೆಯ ವಾದ್ಯ ಹಾಗೆ ಕಾಣಲು ಕಾರಣವೇನು? ಆಗ ಬಳಸುತ್ತಿದ್ದದ್ದು ಹೆಚ್ಚಾಗಿ ನೈಟ್ರೊಸೆಲ್ಯುಲೋಸ್ ಲ್ಯಾಕರ್. ಅದು ವರ್ಷವರ್ಷವೂ ಇಷ್ಟಿಷ್ಟೇ ಕುಗ್ಗುತ್ತದೆ, ಹಳದಿಗೆ ತಿರುಗುತ್ತದೆ, ಬಿರುಸಾಗುತ್ತದೆ. ಚಳಿಗೆ ಬಿಸಿಲಿಗೆ ಮರವೊಂದು ಬಗೆಯಲ್ಲಿ, ಲ್ಯಾಕರೊಂದು ಬಗೆಯಲ್ಲಿ ಹಿಗ್ಗಿ ಕುಗ್ಗಿದಾಗ ಒಣಗಿದ ಕೆರೆಯಂಗಳದಂತೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಇದನ್ನು ಒಂದೇ ದಿನದಲ್ಲಿ ತರಿಸಬೇಕೆನ್ನುವವರು ಗಿಟಾರಿಗೆ ಬಿಸಿ ಕೊಟ್ಟು ಥಟ್ಟನೆ ತಣ್ಣಗಾಗಿಸುತ್ತಾರೆ. ನಿಂಬೆಹಣ್ಣು ಹೊರಗೆ ಹಾಕಿ ಗಿಟಾರಿಗೆ ಫ್ರಿಜ್ ಬಿಟ್ಟುಕೊಡಲು ಯಾವ ಅವ್ವನೂ ಒಪ್ಪಲಾರಳು! ಅದಲ್ಲದೆ ನೈಟ್ರೊಸೆಲ್ಯುಲೋಸ್ ಕಿಡಿ ತಾಗಿದರೆ ಭಗ್ಗೆಂದು ಉರಿಯುವ ವಸ್ತು, ಅದರ ಥಿನ್ನರಿನ ಹೊಗೆ ತಲೆ ಸುತ್ತಿಸುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಲೆಯ ಹತ್ತಿರ ಇದರ ಕೆಲಸ ಸಲ್ಲದು. ಈಗಿನ ಪಾಲಿಯುರಿಥೇನ್ ಬಣ್ಣವಾದರೆ ಬಿರುಕು ಬಿಡುವುದೇ ಇಲ್ಲ, ಕೆರೆದರೆ ಪ್ಲಾಸ್ಟಿಕ್ಕಿನಂತೆ ಚಕ್ಕೆ ಏಳುತ್ತದೆ.

ಹೊಸಬನಿಗೆ ಅರಗಿನ ಪಾಲಿಶ್ ಉತ್ತಮ. ಮುತ್ತುಗ, ಬಾರಿಯಂಥ ಗಿಡಗಳ ಮೇಲೆ ಕೀಟ ಕಟ್ಟುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹತ್ತಾರು ಸಲ ಒರೆಸುವುದು. ತಂಬೂರಿ ಮಾಡುವವರ ಪಾಲಿಶ್ ಕೂಡ ಇದೇ. ಸ್ಪಿರಿಟ್ಟೂ ಬೆಂಕಿಯ ವಸ್ತುವೇ, ಕುಡಿದರೆ ವಿಷವೂ ಹೌದು. ಕಿರಿಯರ ಕೈಗೆ ಸಿಗದಂತಿಡಬೇಕು. ಅರಗು ಮೆದು. ಕೈ ತಾಗಿದಲ್ಲಿ ತಾನೇ ಸವೆಯುತ್ತದೆ, ಬೇಕಾದಾಗ ಮತ್ತೆ ಒರೆಸಬಹುದು.

ತೊಲೆಯನ್ನು ಹತರಿ ಹಾಕಿ ನುಣುಪು ಮಾಡಿದಾಗ ಒಳಗಿನ ಹೊಂಬಣ್ಣ ಎದ್ದು ಹೊರಗಿನ ಕಪ್ಪು ಹೋಗಿಬಿಡುತ್ತದೆ. ಅದು ಮತ್ತೆ ಬೇಕೆಂದರೆ ಒಂದು ಸೊಗಸಾದ ರಸಾಯನಶಾಸ್ತ್ರವಿದೆ. ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಮುಚ್ಚಳ ಬಿಗಿಯದೆ ಒಂದು ವಾರ ನೆನೆಹಾಕಿದರೆ ಕಬ್ಬಿಣದ ಲವಣ ಇಳಿಯುತ್ತದೆ. ಮರಕ್ಕೆ ಮೊದಲು ಕಡು ಚಹಾದ ಡಿಕಾಕ್ಷನ್, ಇಲ್ಲವೆ ಜಾಲಿ ತೊಗಟೆಯ ಕಷಾಯ ಹಚ್ಚಿ ಆರಿಸಿ, ಮೇಲೆ ಈ ನೀರು ಸವರಿದರೆ ಕಣ್ಣೆದುರಿಗೇ ಮರ ಕಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಕೂಡಿದ ಕಪ್ಪು ಇದು. ಅಳಲೆಕಾಯಿಯಿಂದ ಹಿಂದಿನವರು ಕಪ್ಪು ಮಸಿ ಮಾಡಿದ್ದರ ಹಿಂದೆಯೂ ಇದೇ ಕ್ರಿಯೆ. ಮೊದಲು ಚೂರು ಹಲಗೆಯ ಮೇಲೆ ಮಾಡಿ ನೋಡಬೇಕು. ಒಮ್ಮೆ ಕಪ್ಪಾದದ್ದು ಬೆಳ್ಳಗಾಗದು.

ಹಿತ್ತಾಳೆಯ ಭಾಗಗಳನ್ನು ಹಳತಾಗಿಸಲು ಇಂಡಿಯ ಹುಡುಗ ಎಲ್ಲಿಗೂ ಹೋಗಬೇಕಾಗಿಲ್ಲ. ನಿಂಬೆರಸ, ಉಪ್ಪು ಹಚ್ಚಿ ಉಜ್ಜಿ ತೊಳೆದರೆ ತಂಬಿಗೆ ಫಳಫಳ ಹೊಳೆಯುತ್ತದೆ. ಹಚ್ಚಿ ತೊಳೆಯದೆ ಬಿಟ್ಟರೆ ಹಸಿರು ಹಿಡಿಯುತ್ತದೆ. ಎರಡೂ ಆಮ್ಲದ್ದೇ ಕೆಲಸ. ಮೊದಲನೆಯದರಲ್ಲಿ ಅದು ಮೇಲಿನ ಆಕ್ಸೈಡನ್ನು ಕರಗಿಸಿ ನೀರಿನೊಡನೆ ಹೋಗುತ್ತದೆ. ಎರಡನೆಯದರಲ್ಲಿ ಗಾಳಿಯೊಡನೆ ಸೇರಿ ತಾಮ್ರವನ್ನೇ ತಿಂದು ಹಸಿರು ಲವಣ ಬಿಡುತ್ತದೆ. ಅವ್ವನನ್ನು ಕೇಳಿದರೆ ಇದನ್ನು ಎಷ್ಟು ಹೊತ್ತು ಬಿಡಬೇಕೆಂದು ಹೇಳಿಯಾಳು. ವಿಡಿಯೊಗಳಲ್ಲಿ ಬಳಸುವ ಗಂಧಕಾಮ್ಲ, ಹೈಡ್ರೊಕ್ಲೋರಿಕ್ ಆಮ್ಲಗಳ ಸಹವಾಸ ಬೇಡ. ಯಾವ ಆಮ್ಲವನ್ನೇ ಆಗಲಿ ಬ್ಲೀಚಿಂಗ್ ಪುಡಿಗೆ ತಾಗಿಸಲೇಕೂಡದು. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ.

ಇಷ್ಟೆಲ್ಲ ಬಂದರೂ ಒಂದು ಬಾರದು. ಎಲ್ಲಿ ಸವೆಸಬೇಕು? ಭಜನೆಯ ಹಿರಿಯರ ಏಕತಾರಿಯಲ್ಲಿ ಹೆಬ್ಬೆರಳು ಒರಗುವಲ್ಲಿ ಬಿದಿರು ಕನ್ನಡಿಯಂತಾಗಿದೆ, ಬುರುಡೆ ತೊಡೆಗೆ ತಾಗುವಲ್ಲಿ ಕಂದಿದೆ, ಉಳಿದೆಡೆ ಹಾಗೇ ಇದೆ. ಬಾಸ್ ಗಿಟಾರಿನಲ್ಲಿ ಮುಂಗೈ ಒತ್ತುವ ಮೇಲಂಚು, ಹೆಬ್ಬೆರಳು ನಿಲ್ಲುವ ಜಾಗ, ಬೆಲ್ಟಿನ ಕೊಂಡಿ ತಾಗುವ ಬೆನ್ನು ಸವೆಯುತ್ತವೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆ. ನುಡಿಸದವನು ಪಾಲಿಶ್ ಪೇಪರ್ ಹಿಡಿದರೆ ಎಲ್ಲ ಕಡೆಗೂ ಸಮನಾಗಿ ಕೆರೆಯುತ್ತಾನೆ. ನೋಡಿದ ಕೂಡಲೇ ಸುಳ್ಳು ಗೊತ್ತಾಗುತ್ತದೆ. ಆದ್ದರಿಂದ ಹುಡುಗ ಅರಗು ಹಚ್ಚಿ ಒಂದು ವರ್ಷ ನುಡಿಸಲಿ. ಪಿಯುಸಿ ಎರಡನೆಯ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಯಾವ ಜಾಗ ಮಾಸಿದೆಯೋ ಅದರ ಮೇಲೆ ಬೇಕಾದರೆ ಕಾಗದ ಆಡಿಸಲಿ. ಆಗಲೂ ಆ ಮನಸ್ಸು ಉಳಿದಿದ್ದರೆ.

ಫೆಂಡರ್ ಕಾರ್ಖಾನೆಯ ಕೆಲಸಗಾರರು 1950ರ ದಶಕದಲ್ಲಿ ದಂಡಿಗೆಯ ಬುಡದ ಮೇಲೆ, ಒಡಲಿನೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ಹಳೆಯ ವಾದ್ಯ ಕೊಳ್ಳುವವರು ಹೊರಗಿನ ಬಿರುಕು, ಸವೆತಗಳನ್ನು ನಂಬದೆ ಇಂದಿಗೂ ನಾಲ್ಕು ತಿರುಪು ಬಿಚ್ಚಿ ಆ ತಾರೀಖನ್ನು ನೋಡುತ್ತಾರೆ. ಹುಡುಗನೂ ದಂಡಿಗೆ ಕೂರಿಸುವ ಮೊದಲು ಅಲ್ಲಿ ಆ ದಿನದ ತಾರೀಖು, ತನ್ನ ಹೆಸರು, ಊರು ಬರೆಯಲಿ. ತೊಲೆ ಯಾವ ಊರಿನ ಯಾವ ಮನೆಯದೆಂದು ಗೊತ್ತಿದ್ದರೆ ಅದನ್ನೂ ಬರೆದು ತಿರುಪು ಬಿಗಿಯಲಿ.